ಚೌಡವ್ವನ ಕೊರಳಿನ ಮಣಿ

ಚೌಡವ್ವನ ಕೊರಳಿನ ಮಣಿ ಮೂರನೆಯ ಸಲ ಕೆಂಪಾದಾಗ ನಾನು ಕಂಟ್ರೋಲ್ ರೂಮಿನಲ್ಲಿ ಕುಳಿತು ಗಿರಮಿಟ್ ತಿನ್ನುತ್ತಿದ್ದೆ. ಬಾಯಲ್ಲಿದ್ದ ತುತ್ತು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. "ಸತ್ತೆ! ಈ ಮುದುಕಿ ನನ್ನ ಸುಮ್ನ ಬಿಡೂಹಂಗ ಕಾಣವಲ್ದು" ಎಂದೆ.

ಪಕ್ಕದ ಕುರ್ಚಿಯಲ್ಲಿದ್ದ ಆನೆಕೆ ಗಾಬರಿಯಿಂದ ತಲೆಯೆತ್ತಿದಳು. "ಯಾರು ಸತ್ತರು?"

ಆನೆಕೆ ಹಾಲೆಂಡಿನವಳು. ಮಣಿಯ ಜೊತೆಗೇ ನಮ್ಮ ಕೇಂದ್ರಕ್ಕೆ ಬಂದವಳು. ಪುಸ್ತಕ ಓದಿ ಕನ್ನಡ ಕಲಿತದ್ದರಿಂದ ಪುಸ್ತಕದ ಹಾಗೆಯೇ ಮಾತಾಡುತ್ತಿದ್ದಳು. ಬಂಗಾರದಂಥ ಹುಡುಗಿ, ಆದರೆ ನಮ್ಮ ಜನ ಬಾಯಿಗೆ ಬಂದದ್ದು ಅಂದರೆ ಅದನ್ನು ಅಕ್ಷರಕ್ಕೆ ಅಕ್ಷರ ನಂಬಿಬಿಡುತ್ತಿದ್ದಳು. ಅವಳು ತಂದ ಮಣಿಯೂ ಅಷ್ಟೇ.

ಅರವತ್ತೈದು ದಾಟಿದವರ ಕೊರಳಿಗೆಲ್ಲ ಸರಕಾರ ಆ ಮಣಿ ಕಟ್ಟಿತ್ತು. ಕಡಲೆಕಾಳಿನಷ್ಟು ದೊಡ್ಡದು. ನಮ್ಮ ಜಮಖಂಡಿ ಕಡೆಯ ಮುದುಕರು ಅದನ್ನು ಸರಕಾರಿ ತಾಯಿತ ಎನ್ನುತ್ತಿದ್ದರು. ಮನೆಯೊಳಗೆ ಹಿರಿಯರನ್ನು ಹೊಡೆಯುವುದು, ಹಸಿವಿನಲ್ಲಿ ಇಡುವುದು, ಕೂಡಿಹಾಕುವುದು ಮುಗಿಯಲಿ ಎಂದೇ ಅದನ್ನು ಮಾಡಿದ್ದು. ಮಣಿ ಸುತ್ತಲಿನ ದನಿ ಕೇಳಿ ಅದರಲ್ಲಿ ಬೈಗುಳವಿದೆಯೇ, ಬೆದರಿಕೆಯಿದೆಯೇ ಎಂದು ತೂಗುತ್ತಿತ್ತು. ಜೊತೆಗೆ, ಮನುಷ್ಯ ಹೆದರಿದಾಗ ಮೈಯಲ್ಲಿ ಏರುವ ಕಾರ್ಟಿಸಾಲ್ ಎಂಬ ರಸವನ್ನು ಬೆವರಿನಲ್ಲಿ ಹುಡುಕಿ ಅಳೆಯುತ್ತಿತ್ತು. ಆದರೆ ಆ ರಸ ಬೆವರಿಗೆ ಇಳಿದು ಬರಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಏಟು ಬಿದ್ದು ಹೋಗಿರುತ್ತದಲ್ಲ! ಅದಕ್ಕೇ ಮಣಿಯ ಬಣ್ಣವನ್ನು ದನಿಯೇ ತೀರ್ಮಾನಿಸಲಿ, ಬೆವರಿನ ಏರಿಳಿತ ತೋರಿಸುವ ಗೆರೆ ಸುಮ್ಮನೆ ಕಂಪ್ಯೂಟರಿನಲ್ಲಿ ಬಿದ್ದಿರಲಿ ಎಂದು ಅದನ್ನು ಮಾಡಿದವರು ಗೊತ್ತು ಮಾಡಿದ್ದರು. ಅವರ ನಾಡಿನ ಸಾವಿರಾರು ಮನೆಗಳಲ್ಲಿ ಅದು ಸರಿಯಾಗಿಯೇ ನಡೆದಿತ್ತು. ಅಲ್ಲಿ ಯಾರಾದರೂ ಅಜ್ಜಿಯ ಮೇಲೆ ಗಂಟಲು ಹರಿಯುವಂತೆ ಕೂಗಿದರೆ ಕೆಟ್ಟದ್ದೇನೋ ನಡೆದಿದೆ ಎಂದೇ ಅರ್ಥವಂತೆ.

ಜೋರು ದನಿಗೆ ಕೆಂಪು, ಇಲ್ಲದಿದ್ದರೆ ಹಸಿರು. ಕೆಂಪಾದಾಗ ಮಾತ್ರ ಆ ಹೊತ್ತಿನ ಸದ್ದು ನಮ್ಮ ಕೇಂದ್ರಕ್ಕೆ ಬರುತ್ತಿತ್ತು. ಹಸಿರು ಮನೆಗಳ ಸದ್ದು ನಮಗೆ ಬರುತ್ತಿರಲಿಲ್ಲ, ಕೇಳಬೇಕೆಂದು ಯಾರಿಗೂ ಅನ್ನಿಸಿಯೂ ಇರಲಿಲ್ಲ.

ಆನೆಕೆ ಚೌಡವ್ವನ ಮನೆಯ ತುಣುಕನ್ನು ಹಾಕಿದಳು. ಮಗ್ಗಗಳ ಕಟಕಟ ಸದ್ದಿನ ಮೇಲೆ ಒಂದು ಹೆಣ್ಣು ದನಿ ಏರಿ ಬಂತು. "ಏ ಮುದುಕೀ, ಎಷ್ಟ ವದರ್ತಿ? ನಿನ್ನ ಬಾಯಾಗ ಮಣ್ಣ ಹಾಕ! ಮೊದ್ಲ ಇದನ್ನ ನುಂಗು!" ಅದಕ್ಕಿಂತ ಜೋರಾಗಿ ಇನ್ನೊಂದು ದನಿ, "ನನ್ನ ಸಾಯ ಬಡಿತಾಳ್ರೋ ಎಪ್ಪಾ! ನೋಡ ಬರ್ರೋ!" ಎಂದು ಕೂಗಿತು.

ಆನೆಕೆಯ ಮುಖ ಬಿಳಿಚಿಕೊಂಡಿತು. "ಶಾಲಿನಿಯವರೇ, ಆ ವೃದ್ಧೆಗೆ ಮಣ್ಣು ತಿನ್ನಿಸುತ್ತಿದ್ದಾರೆಯೇ?"

"ಮಣ್ಣಲ್ಲವಾ ತಾಯಿ, ಗುಳಗಿ. ಮಾತಿಗೆ ಹಂಗಂತಾರ."

"ಸಾಯುವಂತೆ ಹೊಡೆಯುತ್ತಾಳೆ ಎಂದು ಆಕೆಯೇ ಹೇಳುತ್ತಿದ್ದಾರಲ್ಲ? ಅದೂ ಮಾತಿಗೆಯೇ?"

ಮಾತಿಗೆ ಹಾಗೆನ್ನುವವರ ನಡುವೆ ನಿಜವಾಗಿ ಕೈ ಎತ್ತುವವರೂ ಇರುತ್ತಾರೆ, ಅಂಥವರನ್ನು ನಾನೇ ಹಿಡಿದದ್ದುಂಟು. ಮೂರು ಕೆಂಪು ಬಿದ್ದ ಮನೆಗೆ ಸರಕಾರಿ ಗಾಡಿ ಕಳಿಸಿ ಹಿರಿಯರನ್ನು ಬಾಗಲಕೋಟೆಯ ಆಸರೆ ಮನೆಗೆ ಒಯ್ಯಬೇಕೆಂದು ಕಾನೂನು. ವಿಚಾರಣೆ ಮುಗಿಯುವತನಕ ಮನೆಯವರು ಮುಖ ನೋಡುವಂತಿಲ್ಲ. ವಿಚಾರಣೆಗೆ ಕೊನೆಮೊದಲಿಲ್ಲ, ಎಂಬತ್ತರ ಮುದುಕಿ ಅಲ್ಲಿಗೆ ಹೋದಳೆಂದರೆ ಮತ್ತೆ ಮನೆ ಕಾಣುವುದು ಕಷ್ಟವೇ. ತಪ್ಪಿಸುವ ದಾರಿ ಒಂದೇ ಇತ್ತು. ನಾನು ಹೋಗಿ ನೋಡಿ, ಮರುದಿನದಿಂದ ಒಂದು ವಾರ ಮಣಿ ಹಸಿರಾಗಿಯೇ ಉಳಿದರೆ, ಮನೆಯಲ್ಲಿ ಅಪಾಯವಿಲ್ಲವೆಂದು ಸಹಿ ಹಾಕಬಹುದಾಗಿತ್ತು.

ಚೌಡವ್ವನ ಮನೆ ರಬಕವಿಯ ನೇಕಾರರ ಓಣಿಯಲ್ಲಿ. ಜಗತ್ತಿನಲ್ಲಿ ಏನೆಲ್ಲ ಬದಲಾದರೂ ಆ ಓಣಿಯ ಪಾವರ್‌ಲೂಮ್‌ಗಳ ಸದ್ದು ಮಾತ್ರ ಬದಲಾಗಿರಲಿಲ್ಲ. ಹುಟ್ಟಿದ ಕೂಸು ಕೂಡ ಅಲ್ಲಿ ಜೋರಾಗಿ ಅಳಲು ಕಲಿಯಬೇಕು, ಇಲ್ಲದಿದ್ದರೆ ಹಾಲು ಸಿಗುವುದಿಲ್ಲ. ನಾನು ಹೋದಾಗ ಮಗ ಮುರಿಗೆಪ್ಪ ಮಗ್ಗದ ಮುಂದೆ ನಿಂತಿದ್ದ. ಚೌಡವ್ವ ರಾಟೆಯ ಮುಂದೆ ಕುಳಿತು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಸೊಸೆ ಕಸ್ತೂರಿ ಪಕ್ಕದಲ್ಲೇ ಕುಳಿತಿದ್ದಳು.

ನಿಯಮದ ಪ್ರಕಾರ ಮುದುಕಿಯನ್ನು ಒಳಗಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದೆ. ಹಿರಿಯರನ್ನು ಒಬ್ಬರನ್ನೇ ಕೂಡಿಸಿಕೊಂಡು ಗುಟ್ಟಾಗಿ ಕೇಳಬೇಕು, ಆಗ ಅವರು ಹೆದರದೆ ಹೇಳುತ್ತಾರೆ ಎಂದು ಆನೆಕೆಯ ನಾಡಿನ ಅನುಭವ.

"ಬಾಗಲಾ ಯಾಕ ಹಾಕ್ತಿ ಮಗಳ?" ಎಂದು ಚೌಡವ್ವ ಎದ್ದಳು. "ನಾ ಏನ್ ಕಳವು ಮಾಡೀನೇನ? ನಾ ಹೇಳೂದು ಓಣಿ ಮಂದಿ ಕೇಳ್ಲಿ!" ಬಾಗಿಲನ್ನು ತಾನೇ ತೆರೆದಳು. ಮತ್ತೆ ರಾಟೆಯ ಮುಂದೆ ಬಂದು ಕುಳಿತು, ಸೊಸೆಯ ಎದುರಿಗೇ ಶುರು ಮಾಡಿದಳು. "ಬೆಲ್ಲಾ ಮುಚ್ಚಿಡ್ತಾಳ, ಸಕ್ಕರಿ ಬ್ಯಾನಿ ಅಂತ ನೆವಾ ಹೇಳಿ. ಮಗ ಅನ್ನಾವ ತಿರಗಿ ನೋಡಂಗಿಲ್ಲ. ಬಾಯಾಗ ಹಲ್ಲಿಲ್ಲ ಅಂತ ಗೊತ್ತಿದ್ದೂ ರೊಟ್ಟಿ ಕಲ್ಲಿನಂಗ ಮಾಡ್ತಾಳ. ನಾ ಸತ್ರ ಇವರಿಗೆ ಹಬ್ಬ!"

"ಸಾಯಿ, ಯಾರ್ ಬ್ಯಾಡ ಅಂದಾರ! ಉಂಡು ಸಾಯಿ!" ಎಂದು ಕಸ್ತೂರಿ ಕೂಗಿದಳು. ಅಷ್ಟು ಹೊತ್ತೂ ಅವಳು ಅದೇ ರೊಟ್ಟಿಯನ್ನು ಬಿಸಿ ಹಾಲಿನಲ್ಲಿ ಹಿಸುಕಿ ಹಿಸುಕಿ ಮೆತ್ತಗೆ ಮಾಡುತ್ತಿದ್ದಳು. ಬಟ್ಟಲನ್ನು ಮುದುಕಿಯ ಮುಂದೆ ಕುಕ್ಕಿದಳು. ಮುದುಕಿ ಬೈಯುತ್ತಲೇ ಅಷ್ಟನ್ನೂ ಚಪ್ಪರಿಸಿ ತಿಂದಳು. ಮಣಿ ಕೆಂಪಗೆ ಹೊಳೆಯುತ್ತಿತ್ತು. ನನಗೆ ನಗು ಬಂತು, ಹಿಂದೆಯೇ ಸಂಕಟವೂ ಆಯಿತು.

ಮುರಿಗೆಪ್ಪನನ್ನೂ ಕಸ್ತೂರಿಯನ್ನೂ ಹೊರಗೆ ನಲ್ಲಿಯ ಹತ್ತಿರ ಕರೆದು ಆಸರೆ ಮನೆಯ ಸಂಗತಿ ಹೇಳಿದೆ. ಕಸ್ತೂರಿ ನಿಂತಲ್ಲೇ ಕುಸಿದಳು. ಅವಳು ಬರೀ ಸೊಸೆಯಲ್ಲ, ಚೌಡವ್ವನ ಸ್ವಂತ ಅಣ್ಣನ ಮಗಳು. "ಹುಟ್ಟಿದಾಗಿಂದ ಅಕಿ ತೊಡಿಮ್ಯಾಲ ಬೆಳದಾಕಿ ರೀ ನಾ. ಅಕಿ ಕಡೆಯಿಂದನ ಬೈಯೂದು ಕಲ್ತೀನಿ. ಅಕಿನ್ನ ಒಯ್ದ್ರ ಮನ್ಯಾಗ ಏನೈತ್ರಿ ಅಕ್ಕಾರ?"

"ಹಂಗಾದ್ರ ನಾ ಹೇಳಿದಂಗ ಕೇಳ್ರಿ" ಎಂದೆ. "ಒಂದು ವಾರ ಯಾರೂ ಬಾಯಿ ಮಾಡಬ್ಯಾಡ್ರಿ. ಮಗ್ಗ ನಿಲ್ಲಸ್ರಿ, ಇಲ್ಲಂದ್ರ ಸಣ್ಣ ದನಿ ಕೇಳ್ಸಂಗಿಲ್ಲ. ಮರ್ಯಾದಿಂದ ಮಾತಾಡ್ಸ್ರಿ. ನಿಮ್ಮೂರಾಗ ಸೊನ್ನದ ಮಾಸ್ತರ ಮನಿ ಐತಲ್ಲ, ಅವರನ್ನ ನೋಡಿ ಕಲೀರಿ."

ಸೊನ್ನದ ಮಾಸ್ತರರೆಂದರೆ ರಬಕವಿಯ ನಿವೃತ್ತ ಹೆಡ್‌ಮಾಸ್ತರರು. ಮಗ, ಸೊಸೆಯ ಜೊತೆ ಇದ್ದರು. ಮಣಿ ಕಟ್ಟಿದಂದಿನಿಂದ ಒಂದು ಸಲವೂ ಕೆಂಪಾಗದ ಮನೆ. ಹೋದಾಗಲೆಲ್ಲ ತಟ್ಟೆಯಲ್ಲಿ ಚಹಾ ಬರುತ್ತಿತ್ತು, ಮಾಸ್ತರರು ಕೈಮುಗಿದು "ಎಲ್ಲಾ ಛಲೋ ಐತ್ರಿ" ಎನ್ನುತ್ತಿದ್ದರು. ಮಾದರಿ ಮನೆ ಎಂದು ಅವರ ಕುಟುಂಬದ ಫೋಟೋವನ್ನು ನಮ್ಮ ಕೇಂದ್ರದ ಗೋಡೆಗೆ ನಾನೇ ಹಾಕಿಸಿದ್ದೆ.

ಮುರಿಗೆಪ್ಪ ತಲೆ ಕೆರೆದುಕೊಂಡ. "ನಮ್ಮವ್ವಗ ಹೇಳೂದು ಬ್ಯಾಡೇನ್ರಿ?"

"ಹುಚ್ಚಪ್ಪಾ, ಹಿರೀ ಜೀವ, ಹೆದರಿ ಅರ್ಧಾ ಆದೀತು. ಅವರಿಗೆ ಗೊತ್ತಾಗೂದ ಬ್ಯಾಡ" ಎಂದೆ. ನಮ್ಮ ಕಡೆ ಡಾಕ್ಟರು ಏನು ಹೇಳಿದರೂ ಮುದುಕರಿಗೆ ಮುಚ್ಚಿಡುವುದೇ ಪ್ರೀತಿ. ಅವರಿಬ್ಬರೂ ಕೂಡಲೇ ತಲೆಯಾಡಿಸಿದರು.

ಮರುದಿನದಿಂದ ಚೌಡವ್ವನ ಮಣಿ ಹಸಿರಾಯಿತು, ಹಸಿರಾಗಿಯೇ ಉಳಿಯಿತು. ನಾನು ಬಂದವರಿಗೆಲ್ಲ ಪರದೆ ತೋರಿಸಿದೆ. ಆನೆಕೆ ಕೂಡ ಖುಷಿಯಾಗಿ, "ನಿಮ್ಮ ಉಪದೇಶವು ಫಲಿಸಿದೆ" ಎಂದಳು. ವಾರದ ಕೊನೆಗೆ ಸಹಿ ಹಾಕಲು ಮಧ್ಯಾಹ್ನದ ಬಸ್ಸು ಹಿಡಿದು ರಬಕವಿಗೆ ಹೋದೆ. ದಾರಿಯಲ್ಲಿ ಪೇಢೆ ಕೊಂಡುಕೊಂಡೆ.

ಮನೆಯೊಳಗೆ ಕಾಲಿಟ್ಟರೆ ಬೇರೆ ಯಾರದೋ ಮನೆಗೆ ಬಂದಂತಾಯಿತು. ಮಗ್ಗಗಳು ನಿಂತಿದ್ದವು. ಕಸ್ತೂರಿ ಬೆಕ್ಕಿನ ಹೆಜ್ಜೆಯಲ್ಲಿ ಬಂದು "ಬರ್ರಿ" ಎಂದು ಪಿಸುಗುಟ್ಟಿದಳು. ಚೌಡವ್ವ ಗೋಡೆಗೆ ಮುಖ ಮಾಡಿ ಕುಳಿತಿದ್ದಳು, ರಾಟೆಯನ್ನು ಮುಟ್ಟಿರಲಿಲ್ಲ. ಕೊರಳು ಸಣ್ಣಗಾಗಿ ಮಣಿ ಎದೆಯ ಮೇಲೆ ಜೋತಾಡುತ್ತಿತ್ತು.

"ಹ್ಯಾಂಗದೀರಿ ಅಜ್ಜಿ?"

"ಎಲ್ಲಾ ಛಲೋ ಐತ್ರಿ" ಎಂದಳು ಚೌಡವ್ವ. "ಮಗಾ ಸೊಸಿ ದೇವರಂಥಾವ್ರು."

ಈ ಬಾಯಿಂದ ಇಂಥ ಮಾತೇ? ಹೋದ ವಾರ ನನ್ನನ್ನು ಮಗಳೇ ಎಂದವಳು ಈಗ ರೀ ಹಚ್ಚಿ ಮಾತಾಡುತ್ತಿದ್ದಾಳೆ! ಕಸ್ತೂರಿ ಬಟ್ಟಲು ತಂದಿಟ್ಟು, "ಊಟಾ ಮಾಡ್ರಿ ಅತ್ತಿಯಾರ" ಎಂದು ಮೆಲ್ಲಗೆ ಹೇಳಿದಳು. ಮುದುಕಿ ಬಟ್ಟಲಿನ ಕಡೆ ನೋಡಲಿಲ್ಲ. ಮಣಿ ಮಾತ್ರ ಹಸಿರು, ಎಳೆ ಹುಲ್ಲಿನಂಥ ಹಸಿರು.

ಅಂಗಳಕ್ಕೆ ಬಂದು ಆನೆಕೆಗೆ ಫೋನ್ ಮಾಡಿದೆ. "ಬಣ್ಣ ಬಿಡು. ಚೌಡವ್ವನ ಬೆವರಿನ ಗೆರೆ ತಗದು ನೋಡು, ಲಗೂ."

ಆ ಕಡೆಯಿಂದ ಕೀಬೋರ್ಡಿನ ಟಕಟಕ ಕೇಳಿತು. ಆಮೇಲೆ ಆನೆಕೆ ಸಣ್ಣ ದನಿಯಲ್ಲಿ ಹೇಳಿದಳು. "ಕೆಂಪಿದ್ದಾಗಲೆಲ್ಲ ಗೆರೆಯು ಏರಿ ಬೇಗನೆ ಇಳಿದುಬಿಡುತ್ತಿತ್ತು. ಹಸಿರಾದ ದಿನದಿಂದ ಏರುತ್ತಲೇ ಇದೆ. ನಿದ್ರೆಯಲ್ಲಿಯೂ ಇಳಿದಿಲ್ಲ. ಶಾಲಿನಿಯವರೇ, ಆಕೆ ವಾರದಿಂದ ಹೆದರಿದ್ದಾರೆ. ಏಕೆಂದು ಆಕೆಯನ್ನೇ ನೀವು ಕೇಳಿದಿರಾ?"

ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಒಳಗೆ ಹೋಗಿ ಚೌಡವ್ವನ ಎದುರು ನೆಲದ ಮೇಲೆ ಕುಳಿತು ಅವಳ ಕೈ ಹಿಡಿದೆ. "ಅಜ್ಜಿ, ಖರೇ ಹೇಳ್ರಿ. ಏನಾಗೇತಿ?"

ಮುದುಕಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. "ನಾ ಏನ್ ತಪ್ಪ ಮಾಡೀನಿ ಅಂತ ಗೊತ್ತಾಗವಲ್ದು ಮಗಳ. ಇಬ್ರೂ ನನ್ನ ಜೋಡಿ ಮಾತ ಬಿಟ್ಟಾರ. ಬರ್ರಿ, ಉಣ್ರಿ ಅಂತಾರ, ಹೊರಗಿನ ಮಂದಿಗೆ ಅಂದಂಗ. ಮಗ್ಗಾನೂ ನಿಲ್ಸ್ಯಾರ. ನನ್ನ ಎಲ್ಲೋ ಬಿಟ್ಟ ಬರಾವ್ರದಾರ, ಹೌದಿಲ್ಲೋ? ನೀನೂ ಅದಕ್ಕ ಬಂದೀ."

ಕಸ್ತೂರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನಗೆ ನಾಚಿಕೆಯಾಯಿತು. ಅವಳನ್ನು ಉಳಿಸಲು ನಾವು ಮಾಡಿದ ಕೆಲಸ ಅವಳನ್ನು ಒಳಗೊಳಗೇ ಹಿಂಡಿ ಹಾಕಿತ್ತು. ಎಲ್ಲವನ್ನೂ ಬಿಚ್ಚಿ ಹೇಳಿದೆ, ಮಣಿಯದು, ಗಾಡಿಯದು, ಆಸರೆ ಮನೆಯದು. ಚೌಡವ್ವ ನಂಬಲಿಲ್ಲ. ಸುಮ್ಮನೆ ಸಮಾಧಾನಕ್ಕೆ ಹೇಳುತ್ತೀ ಎಂಬಂತೆ ಮತ್ತೆ ಗೋಡೆಯ ಕಡೆ ತಿರುಗಿದಳು.

"ಕಸ್ತೂರಿ, ಬೈ" ಎಂದೆ.

"ಏನ್ರಿ?"

"ನಿಮ್ಮತ್ತೀನ್ನ ಬೈ. ಮೊದ್ಲಿನಂಗ."

"ಕೆಂಪಾಗ್ತೈತ್ರಿ ಅಕ್ಕಾರ! ಗಾಡಿ ಬರ್ತೈತ್ರಿ!"

"ಬರ್ಲಿ. ನೀ ಬೈ."

ಕಸ್ತೂರಿ ಬಾಯಿ ತೆರೆದಳು. ಅಳು ಬಂತು, ಅಳುವಿನ ಜೊತೆಗೇ ವಾರದಿಂದ ಕಟ್ಟಿಕೊಂಡದ್ದೆಲ್ಲ ಬಂತು. "ಏ ಮುದುಕೀ! ನೀ ಉಣ್ಣದ ಕುಂತ್ರ ನನ್ನ ಗಂಟಲ್ದಾಗ ತುತ್ತ ಇಳಿತೈತೇನ? ಯಾರಿಗೆ ಸಿಟ್ಟ ತೋರಸ್ತಿ? ನಿನ್ನ ಬಾಯಾಗ ಮಣ್ಣ ಹಾಕ, ತಿನ್ನಲೇ!"

ಚೌಡವ್ವ ತಿರುಗಿದಳು. ಸೊಸೆಯನ್ನು ಮೇಲಿಂದ ಕೆಳತನಕ ನೋಡಿದಳು. "ಅಯ್ಯ, ನಿನ್ನ ಹಾಡ ಹಾಳಾಗ್ಲಿ! ಇಷ್ಟ ದಿನ ಎಲ್ಲಿ ಸತ್ತಿದ್ದೀ?" ಎಂದು ಗುಡುಗಿ ಬಟ್ಟಲನ್ನು ಎಳೆದುಕೊಂಡಳು.

ಮಣಿ ಕೆಂಪಗೆ ಹೊತ್ತಿಕೊಂಡಿತು. ಅದರ ಹಿಂದೆಯೇ ನನ್ನ ಫೋನು ಹೊಡೆದುಕೊಂಡಿತು. ವಾರದ ಗಡುವಿನೊಳಗೆ ಕೆಂಪು ಬಿದ್ದದ್ದರಿಂದ ಗಾಡಿ ತಾನಾಗಿ ಹೊರಟಿತ್ತು. ಹೊರಟ ಗಾಡಿಯನ್ನು ತಿರುಗಿಸುವ ಅಧಿಕಾರ ಆನೆಕೆಗೆ ಮಾತ್ರ ಇತ್ತು.

"ನಿಲ್ಲಸು" ಎಂದು ಅವಳನ್ನು ಬೇಡಿಕೊಂಡೆ.

"ನಾನು ಗೆರೆಯನ್ನು ನೋಡದೆ ನಿಲ್ಲಿಸಲಾರೆ" ಎಂದಳು ಆನೆಕೆ. "ನೀವು ತಪ್ಪಿದ್ದರೆ ಆಕೆಯ ಗತಿಯೇನು? ರಸವು ಇಳಿಯಲು ಸಮಯ ಬೇಕು. ಕಾಯಿರಿ."

ಹಾಳಾದ ಗಾಡಿಗೆ ಕಾಯುವ ತಾಳ್ಮೆ ಎಲ್ಲಿಯದು? ಮುರಿಗೆಪ್ಪ ಹೊಸಿಲಿಗೆ ಅಡ್ಡಲಾಗಿ ಕುಳಿತುಬಿಟ್ಟ. ಒಳಗೆ ಅತ್ತೆ ಸೊಸೆಯ ಜಗಳ ಭರ್ಜರಿಯಾಗಿ ನಡೆದಿತ್ತು. ಹಾಲು ಆರಿದೆ ಎಂದು ಅತ್ತೆ, ಆರುವತನಕ ಕುಳಿತವರು ಯಾರು ಎಂದು ಸೊಸೆ. ಓಣಿಯ ಬಾಯಿಯಲ್ಲಿ ಬಿಳಿ ಗಾಡಿ ಕಾಣಿಸಿತು. ಹಾರ್ನ್ ಹೊಡೆಯಿತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು, ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ.

ಗಾಡಿ ಮನೆಯ ಮುಂದೆ ಬಂದು ನಿಂತಿತು. ಇಬ್ಬರು ಇಳಿದರು. ಆಗ ಆನೆಕೆಯ ದನಿ ಕೇಳಿತು.

"ಇಳಿಯುತ್ತಿದೆ. ಶಾಲಿನಿಯವರೇ, ಗೆರೆ ಇಳಿಯುತ್ತಿದೆ!"

ಇಳಿದವರ ಫೋನು ಒದರಿತು, ಅವರು ಮುಖ ಮುಖ ನೋಡಿಕೊಂಡರು. ಗಾಡಿ ಹಿಂದಕ್ಕೆ ಸರಿದು ಓಣಿ ದಾಟಿ ಹೋಯಿತು. ಮುರಿಗೆಪ್ಪ ಹೊಸಿಲಿನ ಮೇಲೆ ಕುಳಿತಲ್ಲೇ ಹೋ ಎಂದು ಅತ್ತುಬಿಟ್ಟ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಚೌಡವ್ವ ಒಳಗಿನಿಂದ, "ಏ ಹೇಡಿ, ಮಗ್ಗ ಹಾಕು! ಕಿವಿ ಬಣಾಬಣಾ ಅನ್ನಾಕತ್ಯಾವ" ಎಂದು ಕೂಗಿದಳು. ಪೇಢೆ ಎಲ್ಲರಿಗೂ ಕೊಟ್ಟೆ, ಅವಳಿಗೆ ಸಣ್ಣ ಚೂರು ಮಾತ್ರ. ಅದಕ್ಕೂ ಬೈಸಿಕೊಂಡೆ.

ಮರುದಿನ ಕೇಂದ್ರದಲ್ಲಿ ನಾನೂ ಆನೆಕೆಯೂ ಮಣಿಯ ಲೆಕ್ಕವನ್ನೇ ಬದಲಿಸಲು ಕುಳಿತೆವು. ಕೂಗಾಟವೆಲ್ಲ ಪ್ರೀತಿ ಎಂದುಕೊಂಡರೆ ನಾಳೆ ಹೊಡೆಯುವವನಿಗೂ ಅದೇ ನೆಪವಾಗುತ್ತದೆ, ಅದಕ್ಕೇ ದನಿಯನ್ನು ಪೂರ್ತಿ ಬಿಟ್ಟುಬಿಡಲು ಆನೆಕೆ ಒಪ್ಪಲಿಲ್ಲ, ಒಪ್ಪದಿದ್ದದ್ದು ಸರಿಯೇ. ಕೊನೆಗೆ ಸದ್ದು ಅಡಗಿದ ಮೇಲೆ ಮೈ ಏನು ಹೇಳುತ್ತದೆ ನೋಡೋಣ ಎಂದು ಗೊತ್ತು ಮಾಡಿದೆವು. ಜಗಳ ಮುಗಿದ ಮೇಲೆ ಗೆರೆ ಇಳಿದರೆ ಹಸಿರು. ಮನೆ ಶಾಂತವಾಗಿದ್ದರೂ ಇಳಿಯದಿದ್ದರೆ ಕೆಂಪು.

ಕೆಲಸದ ನಡುವೆ ಆನೆಕೆ ತಡೆದು ಕೇಳಿದಳು. "ನಮ್ಮ ಮನೆಯಲ್ಲಿ ಅಜ್ಜಿಯ ಮೇಲೆ ಯಾರೂ ಎಂದೂ ದನಿ ಎತ್ತಲಿಲ್ಲ. ಯಾರೂ ಹೆಚ್ಚು ಮಾತನಾಡಲೂ ಇಲ್ಲ. ಆಕೆಗೆ ಹೇಗೆ ಅನ್ನಿಸುತ್ತಿತ್ತೋ?" ನಾನು ಅವಳ ಬೆನ್ನು ಸವರಿದೆ.

ಹೊಸ ಲೆಕ್ಕ ಹಾಕಿದಾಗ ಚೌಡವ್ವ ಹಸಿರಾದಳು. ರಬಕವಿಯಲ್ಲಿ ಎಲ್ಲಕ್ಕಿಂತ ಗಾಢವಾಗಿ ಕೆಂಪಾದದ್ದು ಸೊನ್ನದ ಮಾಸ್ತರರ ಮಣಿ. ಇಬ್ಬರೂ ಗೋಡೆಯ ಮೇಲಿನ ಫೋಟೋ ನೋಡಿದೆವು.

"ಗಾಡಿ ಕಳುಹಿಸೋಣ" ಎಂದಳು ಆನೆಕೆ.

"ತಡಿ. ಮೊದ್ಲ ಅವರ ಬಾಯಿಂದ ಬರ್ಲಿ. ಒಬ್ರನ್ನ ಕೂಡ್ಸಿ ಕೇಳಿದ್ರ ಎಲ್ಲಾ ಛಲೋ ಅಂತಾರ. ಮಗನ ಮರ್ಯಾದಿ ಹೋಗ್ತೈತಿ ಅಂತ ನುಂಗ್ತಾರ."

ಹಾಗಾಗಿ ಆನೆಕೆಯನ್ನೂ ಚೌಡವ್ವನನ್ನೂ ಕರೆದುಕೊಂಡು ಮಾಸ್ತರರ ಮನೆಗೆ ಹೋದೆ. ಮಾಸ್ತರರು ಎಂದಿನಂತೆ ಕೈಮುಗಿದರು, ಸೊಸೆ ಎಂದಿನಂತೆ ತಟ್ಟೆಯಲ್ಲಿ ಚಹಾ ತಂದಿಟ್ಟು ಮಗನ ಪಕ್ಕ ನಿಂತಳು. ಅವರಿಬ್ಬರನ್ನೂ ಆನೆಕೆ ನಯವಾಗಿ ಪಡಸಾಲೆಗೆ ಕರೆದೊಯ್ದು ಕೂಡಿಸಿಕೊಂಡಳು. ಒಳಗೆ ಚೌಡವ್ವ ಶುರು ಮಾಡಿದಳು. "ಏನ್ ಹೇಳ್ಲಿ ಮಾಸ್ತರ, ನಮ್ಮ ಕಸ್ತೂರಿ ನನ್ನ ಸಾಯ ಬಡಿತಾಳ! ಬೆಲ್ಲಾ ಮುಚ್ಚಿಡ್ತಾಳ! ನಿಮ್ಮ ಮುರಿಗ್ಯಾ, ನೀವ ಕಲಿಸಿದಾವ, ತಿರಗಿ ನೋಡಂಗಿಲ್ಲ!" ಮನೆಯ ಗಾಜು ನಡುಗುವಂತೆ ಕೂಗಿದಳು. ಕೂಗಿದಷ್ಟೂ ಅವಳ ಮುಖ ಅರಳುತ್ತಿತ್ತು.

ಮಾಸ್ತರರು ಮೊದಲು ಬೆಚ್ಚಿದರು. ಆಮೇಲೆ ನಕ್ಕರು. ನಗುತ್ತಾ ನಗುತ್ತಾ ಕೈಯಲ್ಲಿನ ಕಪ್ಪನ್ನು ನೋಡಿದರು.

"ನಮ್ಮನ್ಯಾಗ ಚಾ ತಣ್ಣಗಿರ್ತೈತಿ ಚೌಡವ್ವಾ" ಎಂದರು. ಅದು ನಾನು ಅವರ ಬಾಯಿಂದ ಕೇಳಿದ ಮೊದಲ ದೂರು.

"ಮತ್ತ?" ಎಂದಳು ಚೌಡವ್ವ.

"ಮಂದಿ ಬಂದಾಗಷ್ಟ ಚಾ." ಮಾಸ್ತರರು ಕಪ್ಪನ್ನು ಕೆಳಗಿಟ್ಟರು. "ಉಳದ ಹೊತ್ತು ಹೊರಗಿಂದ ಚಿಲಕಾ ಹಾಕ್ತಾರ."

ಚೌಡವ್ವ ಕೂಗುವುದನ್ನು ನಿಲ್ಲಿಸಿದಳು. ಅವರ ಕೈ ಹಿಡಿದುಕೊಂಡು ಕುಳಿತಳು. ನಾನು ಕೇಳಿದೆ, ಈ ಸಲ ಅವರನ್ನೇ ಕೇಳಿದೆ. "ಸರ್, ನಿಮಗ ಏನ್ ಮಾಡ್ಬೇಕನ್ಸ್ತೈತಿ?" ಮಾಸ್ತರರು ಮಹಾಲಿಂಗಪುರದ ಮಗಳ ಮನೆಗೆ ಹೋಗುತ್ತೇನೆ ಎಂದರು. ಪಡಸಾಲೆಗೆ ಬಂದು ಅದನ್ನು ತಿಳಿಸಿದಾಗ ಮಗ ಏನೋ ಹೇಳಲು ಎದ್ದ. ಆನೆಕೆ ಕಾನೂನಿನ ಮಾತನ್ನು ತನ್ನ ಪುಸ್ತಕದ ಕನ್ನಡದಲ್ಲಿ ಸ್ಪಷ್ಟವಾಗಿ ಓದಿ ಹೇಳಿದಳು, ಅವನು ಕುಳಿತ. ಅವನ ವಿಚಾರಣೆ ಬೇರೆ ನಡೆಯಿತು. ಅವತ್ತೇ ಸಂಜೆ ಅದೇ ಬಿಳಿ ಗಾಡಿಯಲ್ಲಿ ಮಾಸ್ತರರನ್ನು ಮಗಳ ಮನೆಗೆ ಮುಟ್ಟಿಸಿದೆವು.

ಮೊನ್ನೆ ಆ ಮಗಳ ಫೋನ್ ಬಂತು. "ಅಕ್ಕಾರ, ನಮ್ಮಪ್ಪನ ಕಾಲಾಗ ಸಾಕಾಗೇತ್ರಿ. ಚಾದಾಗ ಸಕ್ಕರಿ ಕಡಿಮಿ ಅಂತಾನ, ಪಲ್ಯಾ ಖಾರ ಅಂತಾನ, ಓಣಿ ತುಂಬ ಕೇಳೂಹಂಗ ವದರ್ತಾನ!"

"ನೀ ಏನಂದಿ?"

"ನಾ ಬಿಡ್ತೀನೇನ್ರಿ? ನಾನೂ ವದರ್ತೀನಿ."

ನಾನು ಪರದೆಯ ಕಡೆ ನೋಡಿದೆ. ಮಾಸ್ತರರ ಮಣಿ ಹಸಿರಾಗಿತ್ತು. ಆನೆಕೆ ಕುರ್ಚಿಗೆ ಒರಗಿ ಉದ್ದಕ್ಕೆ ಉಸಿರುಬಿಟ್ಟು, "ಸದ್ಯ, ಬದುಕಿದೆವು" ಎಂದಳು. ಯಾರು ಬದುಕಿದರು ಎಂದು ನಾನು ಕೇಳಲಿಲ್ಲ. ಇಬ್ಬರಿಗೂ ಗಿರಮಿಟ್ ತರಿಸಿದೆ.